ಒಳಗ ಮೈನಸ್, ಹೊರಗ ಪ್ಲಸ್

ಎರಡು ವರ್ಷದ ಹಿಂದಿನ ಬುದ್ಧ ಪೂರ್ಣಿಮೆ. ಅಂದು ಸಂಜೆ ಐದಕ್ಕೆ ಹುಮನಾಬಾದಿನ ಒಂದು ವಿಹಾರದಲ್ಲಿ ನಮ್ಮ ಅಕ್ಕ ಶಾಂತಾಬಾಯಿಯ ಹಾಡಿನ ಕಾರ್ಯಕ್ರಮವಿತ್ತು. ನಾನು ರಾಜೇಶ್ವರದಲ್ಲಿ ಬಟ್ಟೆ ಹೊಲಿಯುವವಳು. ಹಾಡುವುದು ಅಕ್ಕ, ಹಿಂದೆ ದನಿಗೂಡಿಸುವುದು ಮತ್ತು ಸಾಮಾನು ಹೊರುವುದು ನನ್ನ ಕೆಲಸ.

ಅಕ್ಕ ಚಿಕ್ಕಂದಿನಿಂದ ಭೀಮಗೀತೆ, ಬುದ್ಧಗೀತೆ ಹಾಡುತ್ತ ಬಂದವಳು. ಮೈಕಿಲ್ಲದಿದ್ದರೂ ಓಣಿಯ ಕೊನೆಯ ಮನೆಗೆ ಕೇಳಿಸುವಂಥ ಗಂಟಲು. ಥೈರಾಯ್ಡ್ ಆಪರೇಷನ್ ಆದ ಮೇಲೆ ಆ ದನಿ ತೆಳ್ಳಗಾಗಿಬಿಟ್ಟಿತು. ಒತ್ತಿ ಹಾಡಬೇಡಿ ಎಂದು ಡಾಕ್ಟರು ಹೇಳಿದರು. ಅಕ್ಕ ಒತ್ತಿ ಹಾಡುವುದನ್ನಷ್ಟೇ ಅಲ್ಲ, ಹಾಡುವುದನ್ನೇ ಬಿಟ್ಟಳು. ರೊಟ್ಟಿ ಬಡಿಯುವಾಗ ಗುನುಗುತ್ತಿದ್ದುದೂ ನಿಂತಿತು.

ಒಂದು ದಿನ ಬಸವಕಲ್ಯಾಣದಿಂದ ಅವಳ ಹಳೆಯ ಹಾರ್ಮೋನಿಯಂ ಮಾಸ್ತರರು ಬಂದು ಒಂದು ಎಕೋ ಡಬ್ಬಿ ಕೊಟ್ಟರು. ಅಂಗೈ ಅಗಲದ ಕಬ್ಬಿಣದ ಡಬ್ಬಿ. ಮೈಕಿನ ವೈರು ಅದರೊಳಗೆ ಹೋಗಿ ಆಮೇಲೆ ಸ್ಪೀಕರಿಗೆ ಹೋಗುತ್ತದೆ. ಮೆಲ್ಲಗೆ ಹಾಡಿದರೂ ದನಿ ತುಂಬಿಕೊಂಡು ಕೇಳುತ್ತದೆ. "ಇಂಥಾದ್ದು ಈಗ ಸಿಗಂಗಿಲ್ಲರೀ ಶಾಂತಾಬಾಯಿ, ಜ್ವಾಪಾನ ಮಾಡ್ರಿ" ಎಂದರು. ಅಕ್ಕ ಮೂರು ತಿಂಗಳು ಅದರ ಜೊತೆ ಕೂತು ಹಾಡಿದಳು. ಆಪರೇಷನ್ ಆದ ಮೇಲೆ ಜನರ ಮುಂದೆ ಅವಳ ಮೊದಲ ಕಾರ್ಯಕ್ರಮ ಇದೇ.

ಮಧ್ಯಾಹ್ನ ಎರಡಕ್ಕೆ ವಿಹಾರ ಮುಟ್ಟಿದೆವು. ಚೀಲ ಬಿಚ್ಚಿದರೆ ಡಬ್ಬಿ ಇದೆ, ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್ ಇಲ್ಲ. ಚೀಲದ ಪಕ್ಕದ ಜೇಬಿನ ಹೊಲಿಗೆ ಬಿಟ್ಟಿತ್ತು. ಊರವರ ಬಟ್ಟೆಯೆಲ್ಲ ಹೊಲಿಯುವ ನಾನು ನನ್ನ ಚೀಲ ನೋಡಿಕೊಂಡಿರಲಿಲ್ಲ. ನಾವು ಇಳಿದ ಬಸ್ಸು ಅಷ್ಟೊತ್ತಿಗೆ ಜಹೀರಾಬಾದ್ ದಾರಿ ಹಿಡಿದಿತ್ತು.

ಅಕ್ಕ ಬೈಯಲಿಲ್ಲ. "ಇರಲಿ ಬಿಡು. ಇವತ್ತ ಬ್ಯಾಡ ಅಂತ ಹೇಳಿಬಿಡಮು" ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಜಾರಿಗೆ ಓಡಿದೆ. ಮೊದಲೆರಡು ಅಂಗಡಿಯಲ್ಲಿ ಸಿಗಲಿಲ್ಲ. ಮೂರನೆಯದರಲ್ಲಿ ಅಂಗಡಿಯವನು ಒಂದು ಅಡಾಪ್ಟರ್ ತೆಗೆದು ಡಬ್ಬಿಗೆ ಸಿಕ್ಕಿಸಿ ನೋಡಿದ. ಪಿನ್ನು ಸರಿಯಾಗಿ ಕೂತಿತು. "ಒಂಬತ್ತ ವೋಲ್ಟ್ ಬರದಾರ, ಇದೂ ಒಂಬತ್ತ ಅದ. ಒಯ್ರಿ" ಎಂದ.

ನಾನು ಹೊರಡುವಷ್ಟರಲ್ಲಿ ಒಳಗೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಮುದುಕರೊಬ್ಬರು, "ಬೇಟಿ, ಇನ್ನಾ ಹಚ್ಚಬ್ಯಾಡ. ಡಬ್ಬಿ ಇಲ್ಲಿ ತಾ, ಹಿಂದ ಏನ್ ಬರದಾರ ನೋಡಮು" ಎಂದರು. ಅವರ ಕೈ ನಡುಗುತ್ತಿತ್ತು. ಚಹಾ ಕಪ್ಪಿನ ಕೆಳಗಿನ ಬಶಿಯಲ್ಲಿ, ಅಂಗಿಯ ಮೇಲೆ ಚೆಲ್ಲಿತ್ತು. ಮಾಸ್ತರರ ಡಬ್ಬಿಯನ್ನು ಆ ಕೈಗೆ ಕೊಡುವುದು ಹೇಗೆ? ನಾನು ಅಂಗಡಿಯವನ ಕಡೆ ತಿರುಗಿ, "ಹಗಲಾಗೇ ಕುಡದಾರೇನ್ರಿ ಇವ್ರು?" ಎಂದೆ. ಮೆಲ್ಲಗೆ ಅಂದೆ ಎಂದುಕೊಂಡಿದ್ದೆ.

ಅಂಗಡಿಯವನು ತಲೆ ಕೆಳಗೆ ಹಾಕಿದ. ಮುದುಕರು ಬಶಿಯನ್ನು ಪಕ್ಕಕ್ಕಿಟ್ಟು ಹೇಳಿದರು: "ಕುಡಿಯಂಗಿಲ್ಲ ಬೇಟಿ. ನರದ ಬ್ಯಾನಿ ಅದ. ನೀನೇ ಹಿಡಕೊಂಡು ತೋರಸು, ನಾ ಮುಟ್ಟಂಗಿಲ್ಲ."

ಭೂಮಿ ಬಾಯಿಬಿಡಬಾರದೇ ಅನಿಸಿತು. ಡಬ್ಬಿ ತಿರುವಿ ಹಿಡಿದೆ. ಅವರ ಹೆಸರು ಮಹಬೂಬಸಾಬ, ಈ ಊರಿನ ಆಂಪ್ಲಿಫೈಯರ್, ರೇಡಿಯೋ ಎಲ್ಲ ಒಂದು ಕಾಲಕ್ಕೆ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು ಎಂದು ಅಂಗಡಿಯವನು ಹೇಳಿದ.

ಡಬ್ಬಿಯ ಹಿಂದೆ, ಒಂಬತ್ತು ವೋಲ್ಟ್ ಎಂದು ಬರೆದಿದ್ದರ ಪಕ್ಕದಲ್ಲಿ ಒಂದು ಸಣ್ಣ ಚಿತ್ರವಿತ್ತು. ನಡುವೆ ಚುಕ್ಕೆ, ಅದರ ಸುತ್ತ ಅರ್ಧ ಬಳೆಯಂಥ ಗೆರೆ. ಚುಕ್ಕೆಯಿಂದ ಹೊರಟ ಗೆರೆಯ ತುದಿಗೆ ಮೈನಸ್, ಬಳೆಯ ಗೆರೆಯ ತುದಿಗೆ ಪ್ಲಸ್.

"ಪಿನ್ನಿನ ಒಳಗ ಮೈನಸ್ ಇರಬೇಕು, ಹೊರಗ ಪ್ಲಸ್. ಈಗ ನೀ ತಗೊಂಡದ್ದರ ಮ್ಯಾಲ ನೋಡು."

ನೋಡಿದೆ. ಅದರಲ್ಲಿ ಉಲ್ಟಾ ಇತ್ತು, ಒಳಗೆ ಪ್ಲಸ್.

"ಹಚ್ಚಿದ್ರ ಏನಾಗ್ತಿತ್ತು ಚಾಚಾ?"

"ಡಬ್ಬಿ ಸುಟ್ಟು ಹೋಗಬಹುದಿತ್ತು. ಪಿನ್ ಕೂಡ್ತದ ಅಂದ್ರ ಸರಿ ಅದ ಅಂತಲ್ಲ."

ಒಳಗೆ ಮೈನಸ್ ಇರುವಂಥದ್ದು ಅಂಗಡಿಯಲ್ಲಿ ಇರಲಿಲ್ಲ. ಅದನ್ನೇ ತೆಗೆದುಕೊಂಡು ಬಾ ಎಂದು ಚಾಚಾ ಹಿಂದಿನ ಗಲ್ಲಿಯಲ್ಲಿದ್ದ ತಮ್ಮ ಮನೆಗೆ ಕರೆದೊಯ್ದರು. ಪಡಸಾಲೆಯಲ್ಲಿ ಒಂದು ಟ್ರಂಕಿನ ತುಂಬ ಹಳೆಯ ಅಡಾಪ್ಟರ್‌ಗಳಿದ್ದವು. ಒಂದರಲ್ಲಿ ಚಿತ್ರ ಸರಿಯಿತ್ತು, ಒಂಬತ್ತು ವೋಲ್ಟ್ ಎಂದೂ ಇತ್ತು. ನನಗೆ ಜೀವ ಬಂದಂತಾಯಿತು. ವೋಲ್ಟ್ ಅಳೆಯುವ ಮೀಟರ್ ಹಚ್ಚಿಸಿದರು, ಹದಿನಾಲ್ಕು ತೋರಿಸಿತು. "ಹಳೇ ನಮೂನಿದು. ಬರದದ್ದೊಂದು, ಕೊಡೋದೊಂದು. ಬ್ಯಾಡ" ಎಂದು ಪಕ್ಕಕ್ಕೆ ಸರಿಸಿದರು. ಇನ್ನೊಂದು ಎಲ್ಲದರಲ್ಲೂ ಸರಿಯಿತ್ತು, ಆದರೆ ಡಬ್ಬಿ ಐನೂರು ಮಿಲಿಆಂಪ್ ಕೇಳುತ್ತಿತ್ತು, ಅದರ ಶಕ್ತಿ ಇನ್ನೂರು ಅಷ್ಟೆ. "ಆಂಪ್ ಜಾಸ್ತಿ ಇದ್ರ ನಡೀತದ, ಡಬ್ಬಿ ತನಗ ಬೇಕಾದಷ್ಟೇ ಎಳಕೋತದ. ಕಮ್ಮಿ ಇದ್ರ ಅಡಾಪ್ಟರ್ ಕಾಯ್ದು ಸಾಯ್ತದ." ಅಂಗಡಿಯಿಂದ ತಂದ ಹೊಸದು ಸಾವಿರ ಮಿಲಿಆಂಪಿನದು. ಮೀಟರಿನಲ್ಲೂ ಸರಿಯಾಗಿ ಒಂಬತ್ತು ತೋರಿಸಿತು.

"ಇದರ ವೈರೇ ಅದಲಬದಲ ಮಾಡಮು" ಎಂದು ಚಾಚಾ ಸೋಲ್ಡರಿಂಗ್ ಐರನ್ ತೆಗೆದರು. ಕೈ ಅದನ್ನು ಹಿಡಿಯಲು ಒಪ್ಪಲಿಲ್ಲ. ಎರಡು ಸಲ ನೋಡಿ ಕೆಳಗಿಟ್ಟರು.

"ನೀ ಏನ್ ಕೆಲಸ ಮಾಡ್ತಿ ಬೇಟಿ?"

"ಹೊಲಿಗಿ ಮಾಡ್ತೀನ್ರಿ."

"ಹಂಗಾದ್ರ ಕೈ ನಿಂದಿರ್ಲಿ, ಕಣ್ಣ ನಂದಿರ್ಲಿ."

ಮೊದಲು ಅಡಾಪ್ಟರನ್ನು ಗೋಡೆಯಿಂದ ಕೀಳಿಸಿದರು. ನಾನು ವೈರು ಕತ್ತರಿಸಿ ಎರಡು ಎಳೆ ಬಿಡಿಸಿದೆ. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಸೇರಿಸಿ ಹೊಸೆದೆ. ಸೀಸ ಕರಗಿಸಿ ಗಂಟುಗಳ ಮೇಲೆ ಬಿಟ್ಟೆ. ಒಂದೊಂದು ಗಂಟಿಗೆ ಬೇರೆ ಬೇರೆ ಟೇಪು ಸುತ್ತಿಸಿದರು. "ಎರಡೂ ಎಳಿ ಒಂದಕ್ಕೊಂದು ಮುಟ್ಟಬಾರ್ದು" ಎಂದು ಮೂರು ಸಲ ಹೇಳಿದರು. ಆಮೇಲೆ ಗೋಡೆಗೆ ಹಾಕಿ ಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕರಿಯದನ್ನು ಹೊರಗೆ ಇಡಿಸಿದರು. ಅಂಕಿಯ ಮುಂದೆ ಮೈನಸ್ ಬಂತು. ಕೆಟ್ಟಿತು ಅಂದುಕೊಂಡು ಕಡ್ಡಿ ತೆಗೆದುಬಿಟ್ಟೆ. ಚಾಚಾ ನಕ್ಕರು. "ನಮಗ ಬೇಕಾದ್ದು ಅದೇ" ಎಂದರು.

ಕೊನೆಗೆ ಒಂದು ಚೀಟಿಯ ಮೇಲೆ 'ಎಕೋ ಡಬ್ಬಿಗೆ ಮಾತ್ರ' ಎಂದು ನನ್ನಿಂದ ಬರೆಸಿ ಅಂಟಿಸಿದರು. ಬೇರೆ ಯಾರಾದರೂ ಇದನ್ನು ಇನ್ನೊಂದು ಯಂತ್ರಕ್ಕೆ ಹಚ್ಚಿದರೆ ಅದು ಸುಡುತ್ತದೆಯಂತೆ. ಕಾರ್ಯಕ್ರಮಕ್ಕೆ ಬನ್ನಿ ಎಂದೆ. "ಮಂದ್ಯಾಗ ಕೂಡ್ಲಾಕ ಆಗಂಗಿಲ್ಲ. ಹೋಗು, ಹೊತ್ತಾಗ್ತದ" ಎಂದರು. ಅಂದು ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಆ ಮಾತನ್ನು ಮತ್ತೆ ನೆನಪಿಸಿದಂತಾಗುತ್ತದೆ ಎಂದು ಹೆದರಿ ಹಾಗೇ ಓಡಿಬಂದೆ.

ಐದಕ್ಕೆ ಅಕ್ಕ ಹಾಡಲು ಕೂತಳು. ಮೊದಲ ಹಾಡಿನಲ್ಲಿ ಒಂದು ಕಡೆ ಗಂಟಲು ಹಿಡಿಯಿತು. ಕಣ್ಣು ಮುಚ್ಚಿ, ನೀರು ಕುಡಿದು ಮುಂದುವರಿಸಿದಳು. ಎರಡನೆಯದಕ್ಕೆ ಹೆಂಗಸರು ಚಪ್ಪಾಳೆ ಹಿಡಿದರು. ನಾನು ದನಿಗೂಡಿಸುತ್ತ ನಡುನಡುವೆ ಅಡಾಪ್ಟರ್ ಮುಟ್ಟಿ ನೋಡುತ್ತಿದ್ದೆ. ಉಗುರುಬೆಚ್ಚಗಿತ್ತು, ಅಷ್ಟೆ. ಒಂದೂವರೆ ತಾಸು ಹಾಡಿದಳು. ಕೆಳಗಿಳಿದ ಮೇಲೆ ನನ್ನ ಕೈ ಹಿಡಿದು ಕೂತಳು.

ಮುಂದಿನ ವಾರ ಒಬ್ಬಳೇ ಹುಮನಾಬಾದಿಗೆ ಹೋಗಿ ಚಾಚಾರ ಮುಂದೆ ನಿಂತೆ. "ಅವತ್ತ ಅಂದ ಮಾತು ತಪ್ಪಾತ್ರಿ" ಎಂದೆ.

"ಮೊದಮೊದಲ ಕೈ ನಡುಗಾಕ ಹತ್ತಿದಾಗ ನನ್ನ ಮಗಳೂ ಅದೇ ಕೇಳಿದ್ಳು ಬೇಟಿ" ಎಂದರು. "ಕೂಡು, ಚಹಾ ಕುಡಿ."

ಈಗಲೂ ಆ ಕಡೆ ಹೋದಾಗ ಅವರಲ್ಲಿಗೆ ಹೋಗುತ್ತೇನೆ. ಚಹಾ ನಾನೇ ಮಾಡಿ, ಲೋಟ ಅರ್ಧ ಮಾತ್ರ ತುಂಬಿಸಿ ಕೊಡುತ್ತೇನೆ. ಆದರೂ ಒಂದು ಮಾತು ಮನಸ್ಸಿನಿಂದ ಹೋಗುವುದಿಲ್ಲ. ಅಂಥ ಮಾತು ಕೇಳಿಸಿಕೊಂಡ ಮೇಲೂ ಅವರು ಮುಖ ತಿರುಗಿಸಲಿಲ್ಲ, ಡಬ್ಬಿ ತೋರಿಸು ಎಂದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಎದ್ದು ಹೋಗಿಬಿಡುತ್ತಿದ್ದೆ.