ಖಾಲಿ ನೀರಿನಲ್ಲಿ ಬೆದರಿದ ಹಡಗು

2018ರ ಡಿಸೆಂಬರ್. ಇಪ್ಪತ್ತೆಂಟು ವರ್ಷ ಸರಕು ಹಡಗುಗಳಲ್ಲಿ ದುಡಿದು, ಕ್ಯಾಪ್ಟನ್ ಆಗಿ ನಿವೃತ್ತನಾಗಿ ದಡ ಸೇರಿದ್ದ ನನ್ನನ್ನು ಖಾಸಗಿ ಕಂಪನಿಯೊಂದು ಪರೀಕ್ಷಾಧಿಕಾರಿಯಾಗಿ ನೇಮಿಸಿಕೊಂಡಿತ್ತು. ಕೆಲಸದ ಜಾಗ ಯಾವುದೆಂದು ಕೇಳಿ ನಗು ಬಂತು. ಸಮುದ್ರವಲ್ಲ, ನನ್ನ ಸ್ವಂತ ತಾಲ್ಲೂಕು ಕೆ.ಆರ್. ಪೇಟೆಗೆ ತಾಗಿಕೊಂಡಿರುವ ಕನ್ನಂಬಾಡಿ ಹಿನ್ನೀರು! ಲೋಕವೆಲ್ಲ ಸುತ್ತಿ ಬಂದು ಹೊಸಿಲಲ್ಲಿ ಎಡವಿದ ಎನ್ನುತ್ತಾರಲ್ಲ, ಅದು ನನ್ನ ಪಾಲಿಗೆ ಅಕ್ಷರಶಃ ನಿಜವಾಯಿತು.

ಹಡಗು ಚುಕ್ಕಾಣಿಯ ಮಾತನ್ನು ಎಷ್ಟು ಬೇಗ, ಎಷ್ಟು ಚೆನ್ನಾಗಿ ಕೇಳುತ್ತದೆ ಎಂಬುದನ್ನು ಮೆನೂವರಬಿಲಿಟಿ ಎನ್ನುತ್ತೇವೆ. ನಿಜವಾದ ಹಡಗನ್ನು ಒಯ್ದು ಪ್ರಯೋಗ ಮಾಡುವುದು ದುಬಾರಿ, ಅಪಾಯ ಕೂಡ. ಆದ್ದರಿಂದ ಅದೇ ಆಕಾರದ ಸಣ್ಣ ಮಾದರಿಯನ್ನು ನಿಂತ ನೀರಿನಲ್ಲಿ ಓಡಿಸಿ ನೋಡುತ್ತಾರೆ. ನಮ್ಮದು ಇಪ್ಪತ್ತು ಅಡಿ ಉದ್ದ, ಒಂದೂವರೆ ಟನ್ ತೂಕ, ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಕೂರಬಹುದಿತ್ತು. ಅದರೊಳಗಿನ ಕಂಪ್ಯೂಟರ್ ಜಿಪಿಎಸ್‌ನಿಂದ ತಾನಿರುವ ಜಾಗವನ್ನೂ, ಎಕೋ ಸೌಂಡರ್ ಎಂಬ ಉಪಕರಣದಿಂದ ತಳದ ಆಳವನ್ನೂ ತಿಳಿದು ಚುಕ್ಕಾಣಿಯನ್ನು ತಾನೇ ತಿರುಗಿಸುತ್ತಿತ್ತು. ಮಂಜಿನಲ್ಲಿ ಕಣ್ಣು ಕಾಣದ ಕ್ಯಾಪ್ಟನ್ನನಿಗೆ ಕಣ್ಣಾಗಬೇಕಾದ ವ್ಯವಸ್ಥೆ ಅದು.

ಪ್ರೋಗ್ರಾಮ್ ಬರೆದವಳು ಶಾಲಿನಿ. ನಾಗಮಂಗಲದ ಅಕ್ಕಸಾಲಿ ಮನೆಯ ಹುಡುಗಿ. ಗುಲಗಂಜಿ ತೂಕದ ವ್ಯತ್ಯಾಸವಿದ್ದರೂ ಬಿಡುವವಳಲ್ಲ. ಹತ್ತು ದಿನಗಳ ಪರೀಕ್ಷೆ ಮುಗಿಸಿ ನಾನು ವರದಿಗೆ ಸಹಿ ಹಾಕಬೇಕು. ದೋಷ ಪ್ರೋಗ್ರಾಮಿನದೆಂದು ನಾನು ಬರೆದರೆ ಅವಳ ಮೂರು ವರ್ಷದ ಶ್ರಮವೂ ಹೋಯಿತು, ಕೆಲಸವೂ ಹೋಯಿತು. ಕಂಪನಿಯವರು ಅದನ್ನು ನಮ್ಮಿಬ್ಬರ ಎದುರೇ ಹೇಳಿದ್ದರು.

ಗಾಳಿ ಏಳುವ ಮೊದಲು, ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಓಡಿಸುತ್ತಿದ್ದೆವು. ಎರಡು ಕೆಂಪು ತೇಲುಗುಂಡುಗಳ ನಡುವೆ ಆರುನೂರು ಮೀಟರಿನ ನೇರ ಗೆರೆ. ಮೊದಲೆರಡು ದಿನ ಮಾದರಿ ಗೆರೆ ಬಿಟ್ಟು ಅಲುಗಲಿಲ್ಲ. ಮೂರನೆಯ ದಿನ ಅರ್ಧ ದಾರಿ ದಾಟುತ್ತಿದ್ದಂತೆ ಮೂತಿ ತಾನಾಗಿ ಬಲಕ್ಕೆ ನಾಲ್ಕು ಡಿಗ್ರಿ ತಿರುಗಿತು. ಗಾಳಿಯಿಲ್ಲ, ಸೆಳೆತವಿಲ್ಲ, ಎಕೋ ಸೌಂಡರಿನಲ್ಲಿ ಹದಿನಾಲ್ಕು ಅಡಿ ಆಳ. ನಾಲ್ಕನೆಯ ದಿನ ಅದೇ ಜಾಗದಲ್ಲಿ ಆರು ಡಿಗ್ರಿ. ಆರನೆಯ ದಿನ ಹನ್ನೊಂದು. ಖಾಲಿ ದಾರಿಯಲ್ಲಿ ಏನನ್ನೋ ಕಂಡು ಬೆದರುವ ಎತ್ತಿನ ಹಾಗೆ ಅದು ಪಕ್ಕಕ್ಕೆ ಸರಿಯುತ್ತಿತ್ತು. ದಿನದಿಂದ ದಿನಕ್ಕೆ ಆ ಬೆದರು ಹೆಚ್ಚುತ್ತಿತ್ತು.

ಇನ್ನೊಂದು ವಿಚಿತ್ರವನ್ನು ತೋರಿಸಿದವಳು ಶಾಲಿನಿಯೇ. ದಡದ ಹಳ್ಳಿಯ ಮೀನುಗಾರ ಜವರಣ್ಣ, ಎಪ್ಪತ್ತು ದಾಟಿದವನು, ದಿನಾ ಮುಂಜಾನೆ ಹರಿಗೋಲಿನಲ್ಲಿ ಬಲೆ ಎತ್ತಲು ಬರುತ್ತಿದ್ದ. ಅಷ್ಟು ವಿಶಾಲವಾದ ನೀರಿನಲ್ಲಿ ಅವನು ನೇರವಾಗಿ ಹೋಗುತ್ತಿರಲಿಲ್ಲ. ಸ್ವಲ್ಪ ದೂರ ಹೋಗಿ ತಟ್ಟನೆ ಬಲಕ್ಕೆ, ಮತ್ತೆ ಎಡಕ್ಕೆ, ಗೋಡೆಯ ಮೂಲೆ ತಿರುಗಿದ ಹಾಗೆ ತಿರುಗುತ್ತಿದ್ದ. ಒಂದು ಕಡೆ ಹುಟ್ಟನ್ನು ಮೇಲೆತ್ತಿ ನೀರಿಗೆ ಏನೋ ಹೇಳಿ ಮುಂದೆ ಸಾಗುತ್ತಿದ್ದ.

"ಯಾರ ಜೊತೆ ಮಾತಾಡ್ತಾರೆ ಸಾರ್ ಅವ್ರು?" ಎಂದಳು.

"ಬೆಳಿಗ್ಗೇನೇ ಹಾಕ್ಕೊಂಡಿರ್ತಾನೆ ಬಿಡಮ್ಮ" ಎಂದೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಚುಕ್ಕಾಣಿ ಬಿಚ್ಚಿ ನೋಡಿದೆವು, ದಿಕ್ಸೂಚಿ ಬದಲಿಸಿದೆವು. ಉಳಿದದ್ದು ಪ್ರೋಗ್ರಾಮ್ ಒಂದೇ. ಕಂಪ್ಯೂಟರ್ ಆರಿಸಿ ನೀವೇ ಕೈಯಲ್ಲಿ ನಡೆಸಿ ನೋಡಿ ಎಂದು ಶಾಲಿನಿ ಎರಡು ಸಲ ಕೇಳಿದಳು. ಯಂತ್ರ ಪರೀಕ್ಷಿಸಲು ಬಂದಿದ್ದೇನೆ, ನನ್ನನ್ನು ಪರೀಕ್ಷಿಸಿಕೊಳ್ಳಲು ಅಲ್ಲ ಎಂದು ಗದರಿಬಿಟ್ಟೆ. ಏಳನೆಯ ದಿನ ಸಂಜೆ ವರದಿಯನ್ನೂ ಬರೆದೆ: "ದೋಷ ಪ್ರೋಗ್ರಾಮಿನದು. ಎಡಕ್ಕೆ ಹನ್ನೆರಡು ಡಿಗ್ರಿ ತಿದ್ದುಪಡಿ ಕೊಡಬೇಕು." ಸಹಿ ಮಾತ್ರ ಬಾಕಿ ಇತ್ತು.

ಎಂಟನೆಯ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದೆ ಕೂತ ಶಾಲಿನಿಯ ಜಡೆಯೇ ಮಸುಕು ಮಸುಕು. ಹತ್ತುವಾಗಲೇ ನೋಡಿದ್ದೆ, ಅವಳ ಕಣ್ಣು ಕೆಂಪಾಗಿತ್ತು. "ಒಂದೇ ಒಂದ್ಸಲ ಕೈಲಿ ನಡ್ಸಿ ಸಾರ್. ಆಮೇಲೆ ಏನ್ ಬೇಕಾದ್ರೂ ಬರ್ಕೊಳಿ" ಎಂದಳು. ಹೂಂ ಎಂದು ಕಂಪ್ಯೂಟರ್ ಆರಿಸಿ ಚುಕ್ಕಾಣಿ ಹಿಡಿದೆ.

ಅರ್ಧ ದಾರಿಯವರೆಗೆ ಬೆಣ್ಣೆಯಂತೆ ಹೋಯಿತು. ಆಮೇಲೆ ಮೂತಿ ಬಲಕ್ಕೆ ಹೊರಳಿತು. ಎಡಕ್ಕೆ ಚುಕ್ಕಾಣಿ ಹಾಕಿದೆ, ಕೇಳಲಿಲ್ಲ. ಪೂರ್ತಿ ಹಾಕಿದೆ, ಆಗಲೂ ಕೇಳಲಿಲ್ಲ. ನನ್ನ ಬೆನ್ನ ಹಿಂದೆ ಮಾದರಿಯ ಹಿಂಭಾಗವನ್ನು ಯಾರೋ ನೀರಿನಡಿಯಿಂದ ಹಿಡಿದು ಎಡಕ್ಕೆ ಎಳೆಯುತ್ತಿದ್ದ ಹಾಗಿತ್ತು. ಚಂಡಮಾರುತ ಕಂಡಿದ್ದವನು ನಾನು, ಇದು ಅಲ್ಲಾಡದ ನೀರು. ನಿಜ ಹೇಳಬೇಕೆಂದರೆ ತುಂಬಾ ಹೆದರಿದೆ.

ಮಂಜಿನೊಳಗಿಂದ ದನಿ ಬಂತು. "ಬಲಕ್ ಓಗಿ ಸಾಮಿ, ಬಲಕ್ಕೆ! ಏರಿ ಮೇಲ್ ಅತ್ತುಸ್ಬುಟ್ಟೀರಿ!"

ಮೋಟಾರು ಆರಿಸಿದೆ. ಜವರಣ್ಣನ ಹರಿಗೋಲು ಪಕ್ಕಕ್ಕೆ ಬಂತು.

"ಯಾವ ಏರಿ ಜವರಣ್ಣ? ಬರೀ ನೀರಲ್ವಾ?"

ಅವನು ನಮ್ಮ ಬಲಗಡೆ ಹುಟ್ಟನ್ನು ನೆಟ್ಟಗೆ ಇಳಿಸಿದ. ಅವನ ಮುಷ್ಟಿ ಮುಳುಗಿದರೂ ತಳ ಸಿಗಲಿಲ್ಲ. ಸುತ್ತಿ ಬಂದು ಎಡಗಡೆ ಇಳಿಸಿದ. ಎರಡು ಅಡಿ ಹೋಗಿ ಕಲ್ಲಿಗೆ ಟಕ್ ಎಂದಿತು.

"ನಮ್ಮೂರ್ ಕೆರೆ ಏರಿ. ಅಣೆಕಟ್ಟೆ ನೀರ್ ಬಂದು ಊರ್ ಮುಳ್ಗೋಯ್ತು, ಏರಿ ಎಲ್ಗೋಯ್ತದೆ? ನಮ್ಮಪ್ಪ ತೋರ್ಸವ್ನೆ. ಬನ್ನಿ ನನ್ನಿಂದೆ."

ಅವನ ಹಿಂದೆ ಮೆಲ್ಲಗೆ ಹೊರಟೆವು. ಶಾಲಿನಿ ಎಕೋ ಸೌಂಡರ್ ಹಚ್ಚಿದಳು. ಮಂಜಿನಲ್ಲಿ ಜವರಣ್ಣ ಹೇಳುತ್ತ ಹೋದ: "ಇದು ಓಣಿ. ಎಡ್ಗಡೆ ಪಟೇಲ್ರ ಮನೆ. ಇಲ್ಲಿ ಕುಲುಮೆ. ಇಲ್ ತಿರ್ಗಿ." ಪರದೆಯ ಮೇಲೆ ಓಣಿ ಹದಿನೈದು ಅಡಿ. ನಾವು ಸ್ವಲ್ಪ ಎಡಕ್ಕೆ ವಾಲಿದಾಗ ಹನ್ನೊಂದು, ಮತ್ತೆ ಹದಿನೈದು. ಅವನು ಹೇಳಿದ ಕಡೆಯಲ್ಲೆಲ್ಲ ಪಾಯದ ಗೋಡೆ ಎದ್ದು ಬರುತ್ತಿತ್ತು. ನಾವಿಬ್ಬರೂ ಪಿಸುಮಾತಿಗೆ ಇಳಿದಿದ್ದೆವು.

"ಅಡ್ಡಕ್ಕೆ ಓಗ್ಬುಟ್ರೆ ಬ್ಯಾಗ ಆಗಕಿಲ್ವಾ?" ಎಂದಳು ಶಾಲಿನಿ, ಅವನ ಮಾತಿನ ಧಾಟಿಯಲ್ಲೇ.

"ಮನೆ ಮೇಲಾ? ನೆಲ್ದಲ್ಲಿದ್ದಾಗ ಯಾರ್ ಮನೆ ಮೇಲಾದ್ರೂ ಅತ್ತಿ ಓಯ್ತಿದ್ವಾ ಮಗ? ನೀರ್ ಬಂದೇಟ್ಗೆ ಮರ್ಯಾದೆ ಓಗ್ಬುಡ್ತದಾ?" ಒಂದು ಮನೆಯ ಮುಂದೆ ಹುಟ್ಟೆತ್ತಿ ಹಿಡಿದು, ಒಳಗಿದ್ದವರಿಗೆ ಹೇಳುವಂತೆ "ಬತ್ತಾ ಇವ್ನಿ ಕಣ್ರವ್ವಾ" ಎಂದ. ಉತ್ತರಕ್ಕೆ ಕಾಯುವವನಂತೆ ನೀರಿನತ್ತ ಬಾಗಿ, ಮತ್ತೆ ಹುಟ್ಟು ಹಾಕಿದ.

ದಡ ಸೇರಿದ ಮೇಲೆ ನನಗೆ ಎಲ್ಲವೂ ಅರ್ಥವಾಯಿತು. ಇದಕ್ಕೆ ಬ್ಯಾಂಕ್ ಎಫೆಕ್ಟ್ ಎನ್ನುತ್ತಾರೆ. ಹಡಗು ದಂಡೆಗೆ ತೀರ ಹತ್ತಿರ ಹೋದರೆ ನಡುವೆ ಸಿಕ್ಕ ನೀರು ಮೂತಿಯನ್ನು ಆಚೆ ನೂಕುತ್ತದೆ, ಹಿಂಭಾಗವನ್ನು ದಂಡೆಯತ್ತ ಸೆಳೆಯುತ್ತದೆ. ಕಾಲುವೆ ದಾಟುವಾಗ ಎಷ್ಟೋ ಕೆಡೆಟ್‌ಗಳಿಗೆ ನಾನೇ ಇದನ್ನು ಪಾಠ ಮಾಡಿದ್ದೆ. ಅಲ್ಲಿ ದಂಡೆ ಕಣ್ಣಿಗೆ ಕಾಣುತ್ತಿತ್ತು, ಇಲ್ಲಿ ಕಾಣಲಿಲ್ಲ, ಅಷ್ಟೇ. ನಾಲೆಗೆ ನೀರು ಬಿಟ್ಟಿದ್ದರಿಂದ ದಿನಾ ಮಟ್ಟ ಇಳಿದು ಏರಿಯ ನೆತ್ತಿ ಮೇಲ್ಮೈಗೆ ಹತ್ತಿರವಾಗುತ್ತಿತ್ತು. ಎಕೋ ಸೌಂಡರ್ ತನ್ನ ಕಾಲಡಿ ಮಾತ್ರ ನೋಡುತ್ತದೆ, ಪಕ್ಕ ನೋಡುವುದಿಲ್ಲ. ನಾನು ಬರೆದಿದ್ದ ಎಡಕ್ಕೆ ಹನ್ನೆರಡು ಡಿಗ್ರಿಯ ತಿದ್ದುಪಡಿಯನ್ನು ನಿಜವಾದ ಹಡಗಿಗೆ ಕೊಟ್ಟಿದ್ದರೆ ಅದು ಸಿಬ್ಬಂದಿ ಸಮೇತ ನೇರವಾಗಿ ಕಲ್ಲಿಗೇ ಹೋಗುತ್ತಿತ್ತು.

ವರದಿಯನ್ನು ಶಾಲಿನಿಯ ಎದುರೇ ಹರಿದೆ. "ತಪ್ಪು ನಂದು ಕಣಮ್ಮ. ಕಂಪ್ಯೂಟರ್ ಆರಿಸಿದ್ರೂ ಮೂತಿ ತಿರುಗ್ತಲ್ಲ, ನಿನ್ನ ಪ್ರೋಗ್ರಾಮಲ್ಲಿ ದೋಷ ಇಲ್ಲ" ಎಂದೆ. ಅವಳು ಅತ್ತ ತಿರುಗಿ ಮೂಗು ಒರೆಸಿಕೊಂಡಳು. ಕಾರಣವಿಲ್ಲದೆ ಮೂತಿ ತಿರುಗಿದರೆ ಪಕ್ಕದಲ್ಲಿ ದಂಡೆಯಿದೆ ಎಂದು ಎಚ್ಚರಿಸುವ ಭಾಗವನ್ನು ಆಮೇಲೆ ಅವಳೇ ಪ್ರೋಗ್ರಾಮಿಗೆ ಸೇರಿಸಿದಳು. ಅವಳ ಕೆಲಸ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಇಬ್ಬರೂ ನೋಡಲು ಹೋದೆವು. ಏರಿ ಒಣಗಿ ನಿಂತಿತ್ತು, ಅದರ ಕಲ್ಲಿನ ಮೇಲೆ ಗೇಣುದ್ದ ನಮ್ಮ ಮಾದರಿಯ ಕೆಂಪು ಬಣ್ಣ ಉಜ್ಜಿಕೊಂಡಿತ್ತು. ಎಷ್ಟು ಹತ್ತಿರ ಹೋಗಿದ್ದೆವೆಂದು ಆಗ ಗೊತ್ತಾಯಿತು. ಮುಂದೆ ಸಾಲು ಸಾಲು ಮನೆಗಳ ಪಾಯ. ದೂರದಲ್ಲಿ ಜವರಣ್ಣ ಬಲೆ ಹೊಲಿಯುತ್ತ ಕೂತಿದ್ದ. ಅವನತ್ತ ನೇರವಾಗಿ ಹೋಗಲು ಒಂದು ಪಾಯದ ಮೇಲೆ ಕಾಲೆತ್ತಿದವನು ಹಾಗೇ ನಿಂತೆ. ಹಡಗು ಬೆದರಿದರೆ ಹಡಗನ್ನು ಬಯ್ಯಬೇಡ, ಪಕ್ಕದಲ್ಲಿ ಏನಿದೆ ಎಂದು ಬಲ್ಲವರನ್ನು ಕೇಳು. ಇಪ್ಪತ್ತೆಂಟು ವರ್ಷ ಸಮುದ್ರ ಕಲಿಸದ್ದನ್ನು ಆ ಎಂಟು ದಿನ ಕಲಿಸಿದ್ದವು. ಎತ್ತಿದ ಕಾಲನ್ನು ಹಿಂದೆ ತೆಗೆದುಕೊಂಡು, ಓಣಿ ಹಿಡಿದು ಸುತ್ತಿಕೊಂಡು ಹೋದೆ.