ತಾಮಜ್ಜಿಯ ಪಾತ್ರೆಯಲ್ಲಿ ಒಂದು ಮೊಟ್ಟೆ ಹೆಚ್ಚು

ಬೆಳಗ್ಗೆ ಎದ್ದವಳೇ ತಾಮಜ್ಜಿ ಹಿತ್ತಲ ದೋಣಿಗಟ್ಟೆಯ ಕೊನೆಯ ಮೆಟ್ಟಿಲಿಗೆ ಇಳಿದು, ಕಾಲುವೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದಳು. ಸಿಹಿಯಾಗಿದ್ದರೆ ಅದೇ ನೀರು ಗಿಡಗಳಿಗೆ. ಉಪ್ಪಿನ ಸುಳಿವು ಸಿಕ್ಕರೆ ಮಳೆನೀರಿನ ಹರವಿಗಳ ಮುಚ್ಚಳ ಭದ್ರಮಾಡಿ, "ಸಮುದ್ರದವನು ಬಂದ ಕಣೇ" ಎಂದು ಸೊಸೆಗೆ ಕೂಗಿ ಹೇಳುವಳು. ಜ್ವರ ಬಂದ ದಿನವೂ, ಗಂಡನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆಯೂ ಇದು ತಪ್ಪಿರಲಿಲ್ಲ. ಈಚೆಗೆ ಸರ್ಕಾರದವರು ನೀರಿಗೆ ಏನೋ ಯಂತ್ರ ಇಳಿಸಿ, ಉಪ್ಪು ಎಷ್ಟಿದೆಯೆಂದು ಮೈಕಿನಲ್ಲಿ ಸಾರತೊಡಗಿದ್ದರು. ಅಜ್ಜಿ ಅದನ್ನೂ ಕಿವಿಗೊಟ್ಟು ಕೇಳಿ, "ಸರಿಯಾಗೇ ಹೇಳ್ತಿದಾನೆ, ಪಾಪ" ಎಂದು ತಲೆದೂಗುತ್ತಿದ್ದಳು.

ಅಲ್ಲಿನ ಮಾತಿನಲ್ಲಿ ತಾಮ್ ಎಂದರೆ ಎಂಟು. ಅವಳ ಗಂಡ ಆ ಮನೆಯ ಏಳನೆಯ ಮಗ. ಆದರೆ ಚೊಚ್ಚಲ ಮಗುವನ್ನು ಒಂದು ಎಂದು ಕರೆದರೆ ದೆವ್ವಕ್ಕೆ ಗುರುತು ಸಿಕ್ಕಿಬಿಡುತ್ತದೆಂದು ಅಲ್ಲಿ ಎಣಿಕೆ ಎರಡರಿಂದಲೇ ಶುರು. ಹಾಗಾಗಿ ಅವನು ಎಂಟು, ಅವನ ಕೈಹಿಡಿದವಳೂ ಎಂಟು. "ನನ್ನ ಹೆಸರು ಏನು ಅಂತ ಯಮ ಕೇಳಿದ್ರೆ ಪಕ್ಕದ ಮನೆಯವರನ್ನ ಕರೆದು ಕೇಳ್ಬೇಕು" ಎಂದು ಅವಳೇ ನಗುತ್ತಿದ್ದಳು.

ಬೆನ್ ತ್ರೆಯ ಆ ಕಾಲುವೆ ದಂಡೆಯಲ್ಲಿ ತೆಂಗು ಬಿಟ್ಟರೆ ಬೇರೆ ಬದುಕಿಲ್ಲ. ಗಂಡ ದೋಣಿ ತುಂಬ ಕಾಯಿ ಹೇರಿಕೊಂಡು ಪೇಟೆಯಿಂದ ಪೇಟೆಗೆ ಹೋಗುತ್ತಿದ್ದ. ಯುದ್ಧ ಮುಗಿದ ಎರಡನೆಯ ವರ್ಷ, ದೋಣಿಯಲ್ಲೇ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಆಮೇಲೆ ತಾಮಜ್ಜಿ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮಟ್ಟೆ ಸುಲಿಯುತ್ತ ಮೂರು ಮಕ್ಕಳನ್ನು ಸಾಕಿದಳು. ದೊಡ್ಡವಳು ಲುವಾನ್, ನಡುವಿನವನು ಹಿಯೆನ್, ಕೊನೆಯವನು ತಿನ್. ಕೈಗಳು ಮಟ್ಟೆಯಷ್ಟೇ ಒರಟಾದವು. ಬಾಯಿ ಮಾತ್ರ ಎಳನೀರಿನ ಹಾಗೆಯೇ ಉಳಿಯಿತು.

ಹಬ್ಬದ ಹಂದಿಮಾಂಸದ ಕುದಿಸಾರು ಅವಳಿಗೆ ಅತ್ತೆಯಿಂದ ಬಂದದ್ದು. ಹೊಸ ವರ್ಷದ ತೇತ್ ಹಬ್ಬಕ್ಕೆ ದೇಶದ ದಕ್ಷಿಣದ ಯಾವ ಮನೆಯಲ್ಲೂ ಅದು ಇಲ್ಲದೆ ಒಲೆ ಆರುವುದಿಲ್ಲ. ಆದರೆ ಈ ಮನೆಯ ರೀತಿ ಬೇರೆ. ತೊಗಲು, ನೆಣ, ಮಾಂಸ ಮೂರೂ ಇರುವ ಹೊಟ್ಟೆಭಾಗವನ್ನು ಅಂಗೈಯಗಲ ಹೋಳು ಮಾಡಬೇಕು. ಸಣ್ಣಗೆ ಹೆಚ್ಚಿದ ದಿನ ಅತ್ತೆ, "ಮೇಲಿಂದ ಅಷ್ಟು ದೂರ ಬರೋ ಹಿರಿಯರಿಗೆ ಚೂರುಪಾರು ಬಡಿಸ್ತೀಯೇನೇ?" ಎಂದು ಗದರಿಸಿದ್ದಳು. ಬೆಳ್ಳುಳ್ಳಿ, ಸಕ್ಕರೆ, ಹರವಿಯಲ್ಲಿ ವರ್ಷಗಟ್ಟಲೆ ಇಟ್ಟು ಬಸಿದ ಮೀನಿನ ಉಪ್ಪುರಸ ಸವರಿ ಬಿಸಿಲಿಗಿಡಬೇಕು. ಆಮೇಲೆ ನೀರಿನ ಹನಿಯೂ ಸೇರದಂತೆ ಬರೀ ಎಳನೀರಿನಲ್ಲಿ, ಮಟ್ಟೆಯ ಸಣ್ಣ ಉರಿಯಲ್ಲಿ, ಮುಚ್ಚಳ ಹಾಕದೆ ಬೇಯಿಸಬೇಕು. ನೊರೆ ಬಂದಷ್ಟೂ ತೆಗೆಯಬೇಕು. ಬೇಯಿಸಿ ಸುಲಿದ ಬಾತುಕೋಳಿ ಮೊಟ್ಟೆಗಳನ್ನು ಕೊನೆಗೆ ಇಡಿಯಾಗಿ ಬಿಡಬೇಕು. ಅದರ ಹೆಸರಿನಲ್ಲಿರುವ "ತಾವ್" ಎಂಬ ಮಾತಿಗೆ ಪಟ್ಟಣದವರು ಚೀನಾದವರದು ಎಂದು ಅರ್ಥ ಹೇಳುತ್ತಾರೆ. ಅತ್ತೆ ಒಪ್ಪುತ್ತಿರಲಿಲ್ಲ. ನದಿ ಸಮುದ್ರ ಕೂಡುವಲ್ಲಿ ಉಪ್ಪೂ ಅಲ್ಲದ, ಸಿಹಿಯೂ ಅಲ್ಲದ ನೀರು ಇರುತ್ತದಲ್ಲ, ಅದೇ ತಾವ್, ಸಾರು ಹಾಗಿರಬೇಕು ಎನ್ನುತ್ತಿದ್ದಳು.

ಆದರೆ ಹಾಗಿದೆಯೋ ಇಲ್ಲವೋ ಎಂದು ನೋಡುವಂತಿರಲಿಲ್ಲ. ಹಿರಿಯರಿಗೆ ಎಡೆ ಇಡುವ ಮೊದಲು ರುಚಿ ನೋಡಿದರೆ ಎಂಜಲು. ಅದೂ ಅಲ್ಲದೆ ವರ್ಷದ ಕೊನೆಯ ಆ ಮೂವತ್ತನೆಯ ತಿಥಿಯಂದು ತಾಮಜ್ಜಿಗೆ ವ್ರತ, ಮಾಂಸ ತಿನ್ನಳು. ಬೆಳಗ್ಗೆ ಬುದ್ಧನ ಮುಂದೆ ಕುಳಿತು ಜಪ ಮುಗಿಸಿ, ಅದೇ ಬಾಯಲ್ಲಿ ನಾಮ ಹೇಳುತ್ತಲೇ ಹಂದಿಮಾಂಸ ತೊಳೆಯುವಳು. "ಇದು ಯಾವ ಲೆಕ್ಕ ಅತ್ತೆ?" ಎಂದು ಸೊಸೆ, ತಿನ್‌ನ ಹೆಂಡತಿ ದಾವ್, ಒಮ್ಮೆ ಕೇಳಿದ್ದಳು. "ವ್ರತ ನಂದು. ಹಸಿವು ಅವರದ್ದು" ಎಂದಿದ್ದಳು ತಾಮಜ್ಜಿ.

ಮೊಟ್ಟೆಗೂ ಒಂದು ಲೆಕ್ಕವಿತ್ತು. ಹಿರಿಯರ ಪೂಜೆಯ ಜಗಲಿಯ ಮೇಲೆ ಫೋಟೋ ಆಗಿ ಕುಳಿತವರಿಗೆ ತಲೆಗೊಂದು, ಚಾಪೆಯ ಮೇಲೆ ಕೂರುವವರಿಗೆ ತಲೆಗೊಂದು. ಅದರ ಮೇಲೆ ಇನ್ನೊಂದು, ಹಿಯೆನ್‌ನದು.

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಹಬ್ಬ ಮುಗಿದ ಮೇಲೆ ಹಿಯೆನ್, ಕಾನ್ ಥೋಗೆ ಕಾಯಿ ಮಾರಲು ಹೋಗುತ್ತೇನೆಂದು ಹೊರಟಿದ್ದ. ಇಪ್ಪತ್ತರ ಹುಡುಗ. ಕಾಯಿ ಮಾರುವವನು ಇದ್ದೆರಡು ಅಂಗಿಗಳನ್ನೂ ಒಂದರ ಮೇಲೊಂದು ಯಾಕೆ ತೊಟ್ಟಿದ್ದಾನೆಂದು ತಾಯಿ ಕೇಳಲಿಲ್ಲ. ಜನ ಗುಟ್ಟಾಗಿ ದೋಣಿ ಹತ್ತಿ ದೇಶ ಬಿಡುತ್ತಿದ್ದ ಆ ದಿನಗಳಲ್ಲಿ ಕೇಳದಿರುವುದೇ ಆಶೀರ್ವಾದ. ಡಬ್ಬಿಗೆ ಅನ್ನ ತುಂಬಿ, ಪಾತ್ರೆಯ ತಳದಲ್ಲಿ ಉಳಿದ ಮಾಂಸವನ್ನೂ ಎರಡು ಮೊಟ್ಟೆಯನ್ನೂ ಇಟ್ಟುಕೊಟ್ಟಳು. ಅವನು ಪಾತ್ರೆಗೆ ಇಣುಕಿ, "ಇನ್ನೂ ಒಂದಿದೆ. ಅದು ನಂಗೆ, ತಿನ್‌ಗೆ ಕೊಡ್ಬೇಡ" ಎಂದ. ದೋಣಿ ನದೀಬಾಯಿ ದಾಟಿತೆಂದು ಊರಿಗೆ ತಿಳಿಯಿತು. ಆಮೇಲೆ ಏನೂ ತಿಳಿಯಲಿಲ್ಲ. ಅದೇ ದೋಣಿಯಲ್ಲಿ ಹೋದ ಇತರರ ಮನೆಗಳಲ್ಲಿ ಒಂದೆರಡು ವರ್ಷ ಕಾದು, ಹೊರಟ ದಿನವನ್ನೇ ತಿಥಿ ಮಾಡಿಕೊಂಡರು. ತಾಮಜ್ಜಿ ಮಾಡಲಿಲ್ಲ. ಪ್ರತಿ ಹಬ್ಬಕ್ಕೂ ಅವನ ಮೊಟ್ಟೆ ಪಾತ್ರೆಯಲ್ಲಿ ಉಳಿಯುತ್ತಿತ್ತು. ದಿನಾ ಸಾರು ಕಾಯಿಸಿ ಕಾಯಿಸಿ ಅದು ಕಂದುಬಣ್ಣಕ್ಕೆ ತಿರುಗಿ ರಬ್ಬರಿನಂತಾಗುತ್ತಿತ್ತು. ಹಿರಿಯರನ್ನು ಬೀಳ್ಕೊಡುವ ದಿನ ಅದನ್ನು ತಿನ್‌ನ ಬಟ್ಟಲಿಗೆ ಹಾಕಿ, "ಹೋಗ್ಲಿ, ನೀನೇ ತಿನ್ನು" ಎನ್ನುವಳು.

ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಈ ಸಲ ಮೂವತ್ತರ ಬೆಳಗ್ಗೆ ಮೀ ಥೋದಿಂದ ಬಂದ ಲುವಾನ್, ಚೀಲ ಇಳಿಸುವ ಮೊದಲೇ ಮಾತು ತೆಗೆದಳು. ಅವಳಿಗೂ ಈಗ ಅರ್ಧ ತಲೆ ನರೆತಿತ್ತು. ಅಲ್ಲಿ ಬಟ್ಟೆ ಅಂಗಡಿ, ಮನೆ ಹತ್ತಿರವೇ ದೊಡ್ಡ ಮಠ.

"ಅಮ್ಮ, ಸ್ವಾಮಿಗಳ ಹತ್ರ ಮಾತಾಡಿ ಬಂದಿದೀನಿ. ಹಿಯೆನ್ ಹೆಸರಿನ ಹಲಗೆ ಅಲ್ಲೇ ಇಡ್ತಾರೆ. ದಿನಾ ಸಂಜೆ ಮಂತ್ರ ಹೇಳ್ತಾರೆ. ನಿಂಗೆ ಏನೂ ತೊಂದ್ರೆ ಇಲ್ಲ."

"ಹಲಗೆ ಸತ್ತವರಿಗೆ ಇಡೋದು."

"ಅದಕ್ಕೇ ಹೇಳ್ತಿರೋದು."

"ನಿಂಗೆ ಯಾರು ಬಂದು ಹೇಳಿದ್ರು, ಅವನು ಸತ್ತ ಅಂತ?"

ದಾವ್ ಮೆಲ್ಲಗೆ ಮೊಟ್ಟೆಯ ಬುಟ್ಟಿ ತಂದು ಇಬ್ಬರ ನಡುವೆ ಇಟ್ಟಳು.

ಮಧ್ಯಾಹ್ನ ದಾಟುವ ಹೊತ್ತಿಗೆ ಎಳನೀರು ಕುದಿದು ಮನೆಯೆಲ್ಲ ಘಮ್ಮೆಂದಿತು. ತಾಮಜ್ಜಿ ಕುಕ್ಕುರುಗಾಲಿನಲ್ಲಿ ಒಲೆಯ ಮುಂದೆ ಕುಳಿತು ನೊರೆ ತೆಗೆಯುತ್ತಿದ್ದಳು. ದಾವ್ ಮೊಟ್ಟೆ ಸುಲಿದು ಒಂದೊಂದಾಗಿ ಬಟ್ಟಲಿಗೆ ಹಾಕುತ್ತ, ರೂಢಿಯಂತೆ ಕೇಳಿದಳು:

"ಭಾವನದೂ ಸೇರಿಸ್ಲಾ ಅತ್ತೆ?"

"ಕೇಳೋದೇನಿದೆ, ಸೇರ್ಸು."

ತಿನ್ ಬಾಗಿಲಲ್ಲಿ ನಿಂತು ನಕ್ಕ. "ಈ ಸಲ ಆ ಮೊಟ್ಟೆ ನಂಗೆ ಬೇಡಪ್ಪ. ಹೋದ ವರ್ಷ ಕಡಿಯೋಕೆ ಹೋಗಿ ದವಡೆ ಹಲ್ಲು ಅಲ್ಲಾಡ್ತು. ಹಿಯೆನಣ್ಣ ಬಂದ್ರೆ ಮೊದ್ಲು ನನ್ನ ಹಲ್ಲಿನ ಲೆಕ್ಕ ಕೇಳ್ತೀನಿ."

ದಾವ್‌ಗೂ ನಗು ಬಂತು. ಲುವಾನ್‌ಗೆ ಬರಲಿಲ್ಲ. ಕೈಯಲ್ಲಿದ್ದ ಮೊಟ್ಟೆಯನ್ನು ಬಟ್ಟಲಿಗೆ ಹಾಕದೆ ಹಾಗೇ ಹಿಡಿದುಕೊಂಡಳು.

"ಇಷ್ಟು ವರ್ಷ ಅವನ ಪಾಲು ಯಾರು ತಿಂದ್ರು? ಇವನು ತಿಂದ."

"ನಾನೇನು ಕದ್ದು ತಿಂದ್ನಾ ಅಕ್ಕ? ಅಮ್ಮನೇ ಹಾಕಿದ್ದು."

"ನಿನ್ನ ಬೈತಿಲ್ವೋ. ಅಮ್ಮ, ನೀನು ಕೇಳು. ಅವನು ಬದುಕಿದ್ರೆ ಎಲ್ಲೋ ಹೆಂಡತಿ ಮಕ್ಕಳ ಜೊತೆ ಕೂತು ಉಣ್ತಿರ್ತಾನೆ, ಸಂತೋಷ. ಈ ಮೊಟ್ಟೆ ಅವನಿಗೆ ಬೇಕಾಗಿಲ್ಲ. ಬದುಕಿಲ್ದಿದ್ರೆ?" ಅವಳ ಸ್ವರ ಒಡೆಯಿತು. "ಕರೆದು ಎಡೆ ಇಡದಿದ್ರೆ ಸತ್ತವನು ಒಳಗೆ ಬರೋ ಹಾಗಿಲ್ಲ. ಇಷ್ಟು ಹಬ್ಬಕ್ಕೂ ಬಂದು ಅಂಗಳದಲ್ಲೇ ನಿಂತಿದಾನೆ ಅಮ್ಮ. ಒಳಗೆ ನಾವು ಉಣ್ತಿದೀವಿ. ಅವನು ನೋಡ್ತಿದಾನೆ."

ತಾಮಜ್ಜಿ ಒಂದು ಚಮಚ ನೊರೆ ತೆಗೆದು ಚೆಲ್ಲಿದಳು. ಇನ್ನೊಂದು ತೆಗೆದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, "ಉರಿ ನೋಡ್ಕೋ" ಎಂದು ದಾವ್‌ಗೆ ಹೇಳಿ ಹೊರಗೆ ಹೋದಳು.

ಅಂಗಳದ ಎಡೆಯ ಹೊತ್ತಾಗಿತ್ತು. ಮನೆಯಿಲ್ಲದ, ಹೆಸರು ಹಿಡಿದು ಕರೆಯುವವರಿಲ್ಲದ ಪ್ರೇತಗಳಿಗೆ ವರ್ಷದ ಕೊನೆಯ ಸಂಜೆ ಅಷ್ಟಾದರೂ ಕೊಡಬೇಕು. ಮೊರದ ಮೇಲೆ ಬಾಳೆಲೆ, ಅದರ ಮೇಲೆ ಬಟ್ಟಲುಗಳಲ್ಲಿ ತೆಳ್ಳನೆಯ ಅಕ್ಕಿಗಂಜಿ, ಪಕ್ಕದಲ್ಲಿ ಅಕ್ಕಿ, ಉಪ್ಪು. ಹಸಿದ ಪ್ರೇತದ ಗಂಟಲು ಸೂಜಿಯಷ್ಟೇ ಇರುತ್ತದಂತೆ, ಗಟ್ಟಿ ಕೊಟ್ಟರೆ ಇಳಿಯದಂತೆ. ಅದಕ್ಕೇ ತಾಮಜ್ಜಿ ಯಾವಾಗಲೂ ಗಂಜಿಯನ್ನು ತಾಯಿಹಾಲಿನಷ್ಟು ತೆಳ್ಳಗೆ ಮಾಡುತ್ತಿದ್ದಳು. ಯಾರ ಮಕ್ಕಳೋ ಏನೋ ಎಂದುಕೊಂಡು, ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ಬಿಟ್ಟಿರಲಿಲ್ಲ.

ಊದುಬತ್ತಿ ಹಚ್ಚಿ ಮೊರದ ಅಂಚಿಗೆ ಸಿಕ್ಕಿಸಿದಳು. ಅಕ್ಕಿ ಉಪ್ಪು ಬೆರೆಸಿ ನಾಲ್ಕು ದಿಕ್ಕಿಗೂ ಎರಚಬೇಕು. ಹಿಡಿ ತುಂಬಿಕೊಂಡವಳು ಎರಚದೆ ನಿಂತುಬಿಟ್ಟಳು. ಬಟ್ಟಲಿನ ಗಂಜಿಯಲ್ಲಿ ಕಾಳು ಬಿಟ್ಟು ಬಿಟ್ಟು ಕಾಣುತ್ತಿತ್ತು. ಒಳಗಿನಿಂದ ಮಾಂಸದ ಘಮ ಬರುತ್ತಿತ್ತು.

ಯಾರ ಮಕ್ಕಳೋ ಏನೋ.

ಲುವಾನ್ ಹೇಳಿದ್ದು ನಿಜವಾಗಿದ್ದರೆ, ಈ ಗುಂಪಿನಲ್ಲಿ ಅವನೂ ಇದ್ದಿದ್ದರೆ, ಇಷ್ಟು ವರ್ಷ ಅವನಿಗೆ ಗಂಜಿ ಕೊಟ್ಟವಳು ತಾನೇ. ಊರಿನ ಬೇವಾರ್ಸಿಗಳ ಜೊತೆ, ಬಾಗಿಲಾಚೆ ನಿಲ್ಲಿಸಿ, ಹೆತ್ತ ಮಗನಿಗೆ. ಅವನ ಪಾಲಿನ ಮೊಟ್ಟೆ ಒಳಗೆ ಕಾದು ಕಾದು ಕಲ್ಲಾಗುತ್ತಿದ್ದಾಗ. ಸತ್ತಿಲ್ಲ ಎಂದು ಹಟ ಹಿಡಿದದ್ದು ಅವನಿಗಾಗಿಯೇ ಎಂದು ಅವಳು ನಂಬಿದ್ದಳು. ಹಸಿವಿನ ಯೋಚನೆ ಒಂದು ದಿನವೂ ಹೊಳೆದಿರಲಿಲ್ಲ.

ಹಿಡಿ ಸಡಿಲವಾಗಿ ಅಕ್ಕಿ ಉಪ್ಪು ಅವಳ ಕಾಲ ಬುಡದಲ್ಲೇ ಬಿತ್ತು. ಮತ್ತೊಮ್ಮೆ ಹಿಡಿ ತುಂಬಿ, ಈ ಸಲ ಸರಿಯಾಗಿ ನಾಲ್ಕು ದಿಕ್ಕಿಗೂ ಎರಚಿದಳು. ಉಳಿದವರೂ ಹಸಿದವರೇ ತಾನೆ.

ಒಳಗೆ ಬಂದು ಅವಳು ಯಾರ ಮುಖವನ್ನೂ ನೋಡಲಿಲ್ಲ. "ದಾವ್, ಒಂದು ಬಟ್ಟಲು ಕೊಡೇ. ಹೊಸದು."

"ಎಡೆಗೆ ಆಗ್ಲೇ ತೆಗೆದಿಟ್ಟಿದೀನಿ ಅತ್ತೆ. ಅಜ್ಜ, ಅಜ್ಜಿ, ಮಾವ. ಮೂರು."

"ಇನ್ನೊಂದು ಕೊಡು."

ದಾವ್ ಕಪಾಟಿನಿಂದ ನೀಲಿ ಹೂವಿನ ಬಟ್ಟಲು ತಂದಳು. ತಾಮಜ್ಜಿ ಸೌಟು ಹಿಡಿದು ಪಾತ್ರೆಯಲ್ಲಿ ಹುಡುಕಿದಳು. ಮೂರೂ ಪದರು ಸರಿಯಾಗಿದ್ದ ಎರಡು ದೊಡ್ಡ ಹೋಳು, ಒಂದು ಮೊಟ್ಟೆ, ಮೇಲೆ ಎರಡು ಸೌಟು ರಸ. ಸ್ವಲ್ಪ ಯೋಚಿಸಿ ಇನ್ನೊಂದು ಮೊಟ್ಟೆ ಹಾಕಿದಳು.

"ಅಮ್ಮ, ಅದು ನನ್ನ ಪಾಲಿಂದು" ಎಂದ ತಿನ್.

"ನಿನ್ನ ಹಲ್ಲು ಅಲ್ಲಾಡ್ತಿದೆಯಲ್ಲ, ಸುಮ್ನಿರು."

ಲುವಾನ್ ಎದ್ದು ಬಂದಳು. ಚೀಲದಿಂದ ಕಟ್ಟು ಹಾಕಿಸಿದ ಫೋಟೋ ತೆಗೆದಿದ್ದಳು, ಹಿಯೆನ್‌ನ ಶಾಲೆಯ ಕಾಲದ್ದು, ದೊಡ್ಡದು ಮಾಡಿಸಿದ್ದು. ತಾಮಜ್ಜಿ ಅದನ್ನು ಒಮ್ಮೆ ನೋಡಿ ಕಣ್ಣು ತಿರುಗಿಸಿದಳು.

"ಫೋಟೋ ಬೇಡ."

"ಫೋಟೋ ಇಲ್ದೆ ಹೇಗಮ್ಮ?"

"ಅವನು ಸತ್ತ ಅಂತ ನಾನು ಒಪ್ಕೊಂಡಿಲ್ಲ. ಅವನಿಗೆ ಹಸಿವಾಗಿರಬಹುದು ಅಂತ ಒಪ್ಕೊಂಡಿದೀನಿ. ಅಷ್ಟೇ."

ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಯ ಮುಂದೆ ಹೋದಳು. ಗಂಡನ ಫೋಟೋದ ಪಕ್ಕದಲ್ಲಿ ಜಾಗ ಮಾಡಿ ಇಟ್ಟಳು. ಬಟ್ಟಲ ಮೇಲೆ ಊಟದ ಕಡ್ಡಿಗಳನ್ನು ಜೋಡಿಸಿದಳು. ಫೋಟೋದಲ್ಲಿದ್ದ ಗಂಡನಿಗೆ ಹೇಳಿದಳು: "ನೋಡಿ, ನಿಮ್ಮ ಮಗ ಅಲ್ಲಿದ್ರೆ ಕೂರಿಸ್ಕೊಂಡು ಉಣ್ಣಿಸಿ. ಅಲ್ಲಿಲ್ದಿದ್ರೆ ನೀವೇ ತಿನ್ನಿ. ಯಾವುದು ಅಂತ ನಂಗೆ ಹೇಳೋಕೆ ಬರ್ಬೇಡಿ."

ಹೆತ್ತವಳು ಮಗನಿಗೆ ಕೈಮುಗಿಯುವಂತಿಲ್ಲ. ಅವಳು ಪಕ್ಕಕ್ಕೆ ಸರಿದು, "ತಿನ್, ಬಾರೋ, ಊದುಬತ್ತಿ ಹಚ್ಚು" ಎಂದಳು. ತಿನ್ ಬಂದು ಹಚ್ಚಿದ. ಅಣ್ಣನ ಬಟ್ಟಲಿನ ಮುಂದೆ ತಲೆಬಾಗಿದವನು ಮೇಲೇಳಲು ಬಹಳ ಹೊತ್ತು ತೆಗೆದುಕೊಂಡ.

ಊದುಬತ್ತಿ ಉರಿದು ಮುಗಿಯುವವರೆಗೂ ಯಾರೂ ಚಾಪೆಗೆ ಕೂರುವಂತಿರಲಿಲ್ಲ. ಅಮ್ಮ ಮಗಳು ಹೊಸಿಲ ಮೇಲೆ ಕುಳಿತರು. ಲುವಾನ್ ಕಣ್ಣೊರೆಸಿಕೊಂಡು, ಅಮ್ಮನ ಒರಟು ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಇಷ್ಟು ಮಾಡಿದ್ಯಲ್ಲ ಅಮ್ಮ, ಸಾಕು. ಇನ್ಮೇಲೆ ನಾನು ನೋಡ್ಕೋತೀನಿ. ಹಲಗೆಯ ಖರ್ಚೆಲ್ಲ ನಂದು. ಸ್ವಾಮಿಗಳು ಒಳ್ಳೆಯವರು, ವರ್ಷಪೂರ್ತಿ ಎಡೆ ಇಡ್ತಾರೆ. ನಿಂಗೆ ಈ ವಯಸ್ಸಲ್ಲಿ ಮಗನ ಎಡೆ ನಿನ್ನ ಕೈಯಾರೆ ಬಡಿಸೋ ಸಂಕಟ ಯಾಕೆ? ಹೂಂ ಅನ್ನು."

"ಮಠದಲ್ಲಿ ಏನು ಎಡೆ ಇಡ್ತಾರೆ?"

"ಅನ್ನ, ಹಣ್ಣು, ಸೊಪ್ಪು, ತೋಫು. ಮಠ ಅಲ್ವಾ ಅಮ್ಮ."

ತಾಮಜ್ಜಿ ತಲೆಯಾಡಿಸಿದಳು. ಸ್ವಾಮಿಗಳ ಹೆಸರು ಬಂದದ್ದಕ್ಕೆ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡಳು.

"ಸ್ವಾಮಿಗಳಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮನಸ್ಸೂ ದೊಡ್ಡದು ಮಗಳೇ. ಆದ್ರೆ ಬೇಡ. ತೋಫು ಕಂಡ್ರೆ ಅವನು ಬಟ್ಟಲು ತಳ್ಳಿ ಎದ್ದು ಹೋಗ್ತಿದ್ದ, ನಿಂಗೆ ನೆನಪಿಲ್ವಾ?"