ಗದ್ದೆಗೆ ಬಂದ ಮೊಸಳೆ

ಕಕ್ಕೇರಾ ಕಡೆಯ ಹೊಳೆದಂಡೆಯಲ್ಲಿ ನಮಗೆ ವಿಷವಿಲ್ಲದ ಬೇಸಾಯ ಕಲಿಸಲು ಬರುತ್ತಿದ್ದವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೇವಿನ ಕಷಾಯ ಕಲಕುತ್ತ, ಯಾರು ಅವಸರ ಮಾಡಿದರೂ "ತಡೀರಿ, ಸ್ವಲ್ಪ ನೋಡೂಣು" ಅನ್ನುವರು.

ಒಂದು ದಿನ ಪಾಠದ ನಡುವೆಯೇ ಭತ್ತದ ಗದ್ದೆಗೆ ಮೊಸಳೆ ಬಂತು. ಹಿಂದಿನ ವಾರ ಆಡು ಕಳೆದುಕೊಂಡಿದ್ದ ನಮ್ಮ ಕಾಕಾ ಕೊಡಲಿ ಹಿಡಿದು ಓಡಿದ. ಅಕ್ಕೋರು ಅಡ್ಡ ನಿಂತರು.

"ಸರೀರಿ. ನನ್ನ ಆಡು ತಿಂದದ ಅದು."

"ತಡೀರಿ ಕಾಕಾ. ಹೊಳಿ ಕಡಿ ದಾರಿ ಬಿಡೂಣು, ತಾನ ಹೋಗ್ತದ."

"ಹೋಗಲಿಲ್ಲಂದ್ರ?"

ಅಕ್ಕೋರ ಬೆನ್ನ ಹಿಂದೆ ಮೊಸಳೆ ಬಾಯಿ ತೆರೆದು ಬುಸುಗುಟ್ಟಿತು. ಆದರೂ ಅವರು ಕದಲಲಿಲ್ಲ. ನಾವು ಹೊಳೆಯ ಕಡೆಯ ಬದು ಬಿಟ್ಟು ಹಿಂದೆ ಸರಿದೆವು. ಬಹಳ ಹೊತ್ತಿನ ಮೇಲೆ ಅದು ಹೊಟ್ಟೆ ಎಳೆಯುತ್ತ ಹೋಗಿ ನೀರಿಗಿಳಿಯಿತು.

ಕಾಕಾ ಕೊಡಲಿ ಕೆಳಗಿಟ್ಟು ಬದುವಿನ ಮೇಲೆ ಕುಸಿದು ಕೂತ. "ನನ್ನ ಆಡು ಹೋತಲ್ರಿ" ಅಂದ.

"ಹೌದ್ರಿ, ಹೋತು" ಎಂದು ಅಕ್ಕೋರು ಕೆಸರಲ್ಲೇ ಅವನ ಪಕ್ಕ ಕೂತರು.

ಮರುದಿನ ಪಾಠ ನಡೆಯಲಿಲ್ಲ. ಆಡುಗಳು ನೀರು ಕುಡಿಯುವ ಕಡೆ ಅವರಿಬ್ಬರೂ ಜಾಲಿಮುಳ್ಳಿನ ಬೇಲಿ ಕಟ್ಟುತ್ತಿದ್ದರು.